ಹಿತ್ತಲಲ್ಲೊಂದು ಎರಡನೆಯ ಒಲೆ

ನಮ್ಮ ಬಾಗಲಕೋಟೆ ಜಿಲ್ಲೆಯ ಊರುಗಳಲ್ಲಿ ಕೆಲವು ಸುದ್ದಿಗಳನ್ನು ಜನ ದನಿ ತಗ್ಗಿಸಿಯೇ ಹೇಳುತ್ತಾರೆ. "ಅವರ ಮನ್ಯಾಗ ಒಲಿ ಬ್ಯಾರೆ ಆತಂತ" ಎಂಬುದು ಅಂಥದೊಂದು ಸುದ್ದಿ. ಹೊಲ ಹಂಚಿಕೆಯಾದುದನ್ನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಆಡಿಕೊಳ್ಳುವವರು ಕೂಡ, ಒಲೆ ಬೇರೆಯಾದುದನ್ನು ಮಾತ್ರ ಅತ್ತಿತ್ತ ನೋಡಿ ಮೆಲ್ಲಗೆ ಹೇಳುವರು. ಹೊಲಕ್ಕೆ ಬದು ಹಾಕಿದರೆ ಅದು ವ್ಯವಹಾರ, ಅಡುಗೆ ಎರಡಾದರೆ ಅದು ಮನೆತನಕ್ಕೆ ಬಿದ್ದ ಬಿರುಕು ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಆ ಭಾವನೆ ಎಷ್ಟರ ಮಟ್ಟಿಗೆ ನಿಜ? ಇದ್ದ ಮನೆಯ ಮಗ್ಗುಲಲ್ಲಿ ಅಥವಾ ಹಿತ್ತಲಲ್ಲಿ ಇನ್ನೊಂದು ಪುಟ್ಟ ಮನೆಯನ್ನು, ಅದರದೇ ಒಲೆ, ಅದರದೇ ಬಚ್ಚಲು, ಅದರದೇ ಬಾಗಿಲಿನೊಡನೆ ಕಟ್ಟಿಕೊಂಡರೆ ಮನೆ ಒಡೆಯಿತೆಂದು ತಿಳಿಯಬೇಕೆ? ಅಥವಾ ಒಡೆಯಲಿದ್ದ ಮನೆ ಉಳಿಯಿತೆಂದು ತಿಳಿಯಬೇಕೆ? ಮಗನ ಮದುವೆ ಗೊತ್ತಾದ ಮನೆಯಲ್ಲಿ, ಮುಪ್ಪಿನ ತಾಯಿಗೆ ಮೆಟ್ಟಿಲು ಹತ್ತಲಾಗದ ಮನೆಯಲ್ಲಿ, ಗಂಡನನ್ನು ಕಳೆದುಕೊಂಡ ಮಗಳು ಮಕ್ಕಳೊಡನೆ ತವರಿಗೆ ಬಂದ ಮನೆಯಲ್ಲಿ ಈ ಪ್ರಶ್ನೆ ಇಂದಲ್ಲ ನಾಳೆ ಏಳುತ್ತದೆ. ಅದನ್ನು ಕೋಪದ ದಿನ ಎತ್ತಿಕೊಳ್ಳುವುದಕ್ಕಿಂತ ಸಮಾಧಾನದ ದಿನ ಎತ್ತಿಕೊಳ್ಳುವುದು ಲೇಸು. ಇಲ್ಲಿ ಅದನ್ನು ಲೋಕಾಪುರದ ನೆಲದ ಮೇಲೆ ನಿಂತು ವಿಚಾರಿಸೋಣ.

ಅಂಕಣದ ಲೆಕ್ಕದ ಮನೆ

ಲೋಕಾಪುರ ಮುಧೋಳ ತಾಲ್ಲೂಕಿನ ಊರು. ರನ್ನ ಹುಟ್ಟಿದ ಮುದುವೊಳಲೇ ಈ ಮುಧೋಳ. ಭೂವಿಜ್ಞಾನಿಗಳಿಗೆ ಲೋಕಾಪುರದ ಹೆಸರು ಇನ್ನೊಂದು ಕಾರಣದಿಂದ ಪರಿಚಿತ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ವಿವರಿಸಿದ ಕಲಾದಗಿ ಶಿಲಾಶ್ರೇಣಿಯ ಒಂದು ಭಾಗವನ್ನು ಈಗ 'ಲೋಕಾಪುರ ಉಪಸಮೂಹ' ಎಂದೇ ಕರೆಯುತ್ತಾರೆ. ಸುಣ್ಣಗಲ್ಲು, ಡಾಲಮೈಟು, ಬೆಣಚು ಶಿಲೆ, ಪದರುಗಲ್ಲು ಇವೆಲ್ಲ ಅದರಲ್ಲಿ ಸೇರಿವೆ. ಗೋಡೆಗೆ ಬೇಕಾದ ಕಲ್ಲು, ಗಚ್ಚಿಗೆ ಬೇಕಾದ ಸುಣ್ಣ ಎರಡನ್ನೂ ನೆಲವೇ ಕೊಟ್ಟ ಸೀಮೆಯಿದು.

ಈ ಸೀಮೆಯ ಹಳೆಯ ಮನೆಯನ್ನು ಅಡಿಗಳಲ್ಲಿ ಅಳೆಯುತ್ತಿರಲಿಲ್ಲ, ಅಂಕಣಗಳಲ್ಲಿ ಎಣಿಸುತ್ತಿದ್ದರು. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಅಂತರವೇ ಒಂದು ಅಂಕಣ. ಮೂರಂಕಣದ ಮನೆ ಬಡವನದು, ಐದು ಏಳು ಅಂಕಣಗಳದ್ದು ಅನುಕೂಲಸ್ಥನದು. ಎರಡೂವರೆ ಮೂರು ಅಡಿ ದಪ್ಪದ ಗೋಡೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಬಿದಿರು, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹೊದಿಸುವುದು ಮನೆಯ ಗಂಡಸರ ಕೆಲಸ. ಒಳಹೊಕ್ಕರೆ ಮುಂಭಾಗದ ತಗ್ಗು ನೆಲದಲ್ಲಿ ದನಗಳು, ಅಲ್ಲಿಂದ ಎರಡು ಮೂರು ಅಡಿ ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ, ದೇವರ ಮನೆ, ನೆತ್ತಿಯ ಮೇಲೊಂದು ಬೆಳಕಿಂಡಿ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿಯೂ ಒಳಗೆ ತಂಪು.

ಇಂಥ ಮನೆಯಲ್ಲಿ ಹತ್ತು ಹದಿನೈದು ಜನ ಬದುಕುತ್ತಿದ್ದರು. ಒಂದೇ ಕುಟುಂಬದವರು ನೂರೈವತ್ತಕ್ಕೂ ಹೆಚ್ಚು ಜನ ಕೂಡಿ ಬಾಳಿ ದೇಶಕ್ಕೆಲ್ಲ ಹೆಸರಾದ ಮನೆತನವೊಂದು ಧಾರವಾಡ ಜಿಲ್ಲೆಯ ಲೋಕೂರಿನಲ್ಲಿದೆ. ಅಂಥವರಿಗೆ ನಮಸ್ಕಾರ. ಆದರೆ ಎಲ್ಲರಿಂದಲೂ ಅದು ಸಾಧ್ಯವೆಂದು ಭಾವಿಸಿ ಬದುಕುವುದು ಬೇರೆ ಮಾತು. ಹಳೆಯ ಮನೆಯಲ್ಲಿ ಹೊಸ ಗಂಡಹೆಂಡಿರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಸಿಕ್ಕುವುದು ಕಷ್ಟವಾಗಿತ್ತು. ಸೊಸೆ ತಲೆ ಬಾಚಿಕೊಳ್ಳುವುದಕ್ಕೂ ಮೂಲೆ ಹುಡುಕಬೇಕಾಗಿತ್ತು. ಆ ಮನೆಯ ತಂಪನ್ನು ಹೊಗಳುವಾಗ ಅದರ ಇಕ್ಕಟ್ಟನ್ನು ಮರೆಯುವುದು ನ್ಯಾಯವಲ್ಲ. ಹೊಗಳುವವರು ಬಹುಮಟ್ಟಿಗೆ ಪಡಸಾಲೆಯಲ್ಲಿ ಕುಳಿತವರು, ಇಕ್ಕಟ್ಟನ್ನು ಉಂಡವರು ಅಡುಗೆಮನೆಯಲ್ಲಿ ನಿಂತವರು.

ನಡುಗೋಡೆಯ ಮಾರ್ಗ

ಇಕ್ಕಟ್ಟು ಮಿತಿಮೀರಿದಾಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ಹಾದಿ ನಡುಗೋಡೆಯದು. ಅಣ್ಣತಮ್ಮಂದಿರು ಪಂಚರನ್ನು ಕೂಡಿಸಿ ಪಡಸಾಲೆಯ ನಡುವೆ ಒಂದು ಗೋಡೆ ಏಳಿಸುತ್ತಾರೆ. ಐದಂಕಣದ ಮನೆಯೊಂದನ್ನು ಹೀಗೆ ಇಬ್ಭಾಗ ಮಾಡಿದಾಗ ಏನಾಗುತ್ತದೆಂದು ಕಣ್ಣಮುಂದೆ ತಂದುಕೊಳ್ಳಿ. ಬೆಳಕಿಂಡಿ ಒಬ್ಬನ ಪಾಲಿಗೆ ಹೋಗುತ್ತದೆ, ಕತ್ತಲೆ ಇನ್ನೊಬ್ಬನ ಪಾಲಿಗೆ. ದೇವರ ಮನೆ ಅಣ್ಣನಿಗಾದರೆ ಬಚ್ಚಲು ತಮ್ಮನಿಗೆ. ತೊಲೆಯೊಂದು ಮಾತ್ರ ಗೋಡೆಯ ಮೇಲಿನಿಂದ ಎರಡು ಮನೆಗಳಿಗೂ ಚಾಚಿಕೊಂಡಿರುತ್ತದೆ. ಅದಕ್ಕೆ ಹುಳು ಹಿಡಿದರೆ ಯಾರು ಬದಲಿಸಬೇಕೆಂಬ ವಾದ ಮೊದಲಾಗುತ್ತದೆ. ಮಾಳಿಗೆಗೆ ಮಣ್ಣು ಹೊದಿಸುವ ಕೆಲಸ ಅರ್ಧಕ್ಕೆ ನಿಂತು, ಒಬ್ಬನ ಅರ್ಧ ಸೋರಿ ಇಬ್ಬರ ಗೋಡೆಯೂ ನೆನೆಯುತ್ತದೆ. ಹೀಗೆ ಮನೆಯನ್ನು ಕತ್ತರಿಸಿದಾಗ ಇಬ್ಬರಿಗೂ ಸಿಕ್ಕುವುದು ಅರ್ಧ ಮನೆಯಲ್ಲ, ಅರ್ಧ ಹಾಳು.

ಇನ್ನೊಂದು ಹಾದಿಯಿದೆ. ಹಳೆಯ ಮನೆಯನ್ನು ಹಾಗೆಯೇ ಉಳಿಸಿ, ಹಿತ್ತಲಲ್ಲಿ ಬಣವೆಯೋ ಕುಳ್ಳಿನ ರಾಶಿಯೋ ಇದ್ದ ಜಾಗದಲ್ಲಿ ಎರಡು ಖೋಲಿ, ಒಂದು ಅಡುಗೆಮನೆ, ಒಂದು ಬಚ್ಚಲು ಕಟ್ಟುವುದು. ಅಥವಾ ಎತ್ತಿನ ಬದಲು ಟ್ರ್ಯಾಕ್ಟರು ಬಂದು ಗೋದಲಿ ಬರಿದಾದ ಮನೆಗಳಲ್ಲಿ, ದನ ಕಟ್ಟುತ್ತಿದ್ದ ಮುಂಭಾಗವನ್ನೇ ಪ್ರತ್ಯೇಕ ಬಾಗಿಲಿನ ವಸತಿಯಾಗಿ ಮಾರ್ಪಡಿಸುವುದು. ರಬಕವಿ-ಬನಹಟ್ಟಿಯ ನೇಕಾರರಿಗೆ ಇದು ಹೊಸದಲ್ಲ. ಅಲ್ಲಿ ಮಗ್ಗ ಮನೆಯೊಳಗೇ ಇರುವುದು ರೂಢಿ. ಕುಣಿಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದು ಸದ್ದು ಹೆಚ್ಚಿದಾಗ, ದುಡಿಮೆಯನ್ನು ಪಕ್ಕದ ಕಟ್ಟಡಕ್ಕೆ ಕಳಿಸಿ ಮನೆಯನ್ನು ಉಳಿಸಿಕೊಳ್ಳುವುದು ಸಹಜವಾದ ಉಪಾಯ. ಮಗ್ಗಕ್ಕೆ ಸಲ್ಲುವ ಉಪಾಯ ಮನುಷ್ಯರಿಗೇಕೆ ಸಲ್ಲಬಾರದು?

ಒಲೆಯ ಲೆಕ್ಕ

ನಮ್ಮ ಶಾಸನಗಳಲ್ಲಿ ಐವತ್ತೊಕ್ಕಲು, ಅರುವತ್ತೊಕ್ಕಲು ಎಂಬ ಮಾತುಗಳು ಬರುತ್ತವೆ. ಊರನ್ನು ತಲೆಗಳಿಂದಲ್ಲ, ಒಕ್ಕಲುಗಳಿಂದ ಎಣಿಸುತ್ತಿದ್ದ ಕಾಲದ ಗುರುತು ಅದು. ಇಂದಿನ ಸರಕಾರದ ಎಣಿಕೆಯೂ ಅದಕ್ಕೆ ದೂರವಾದುದಲ್ಲ. 2011ರ ಜನಗಣತಿಯಲ್ಲಿ ಕುಟುಂಬವೆಂದರೆ ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಗುಂಪು ಎಂದೇ ಲೆಕ್ಕ. 2023ರಲ್ಲಿ ಕರ್ನಾಟಕದಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ಪಡಿತರ ಚೀಟಿಯಲ್ಲಿರುವ ಯಜಮಾನತಿಗೆ ತಿಂಗಳಿಗೆ 2,000 ರೂಪಾಯಿ ಎಂದಾದಾಗ, ಯಜಮಾನತಿ ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆ ಎಷ್ಟು ಮನೆಗಳಲ್ಲಿ ಎದ್ದಿತೆಂಬುದನ್ನು ಬಲ್ಲವರು ಬಲ್ಲರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಇಬ್ಬರ ಕಾಲವೂ ಒಟ್ಟಿಗೇ ಬಂದಾಗ ಏನು ಮಾಡಬೇಕೆಂದು ಹೇಳುವುದಿಲ್ಲ.

ಇರಲಿ. ಎಣಿಕೆಗೆ ಒಲೆ ಬೇಕು. ಆದರೆ ಧರ್ಮಶಾಸ್ತ್ರಕ್ಕೆ? ಇಲ್ಲಿ ನಾವು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಹಕ್ಕಿಗೆ ತಳಹದಿಯಾಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಮುಖ್ಯ ಸಿದ್ಧಾಂತ. ಈ ಪರಂಪರೆಯನ್ನು ಅನುಸರಿಸಿದ ನ್ಯಾಯಾಲಯಗಳು ಅವಿಭಕ್ತ ಕುಟುಂಬವನ್ನು ಅನ್ನ, ಆರಾಧನೆ, ಆಸ್ತಿ ಈ ಮೂರರಲ್ಲಿ ಒಂದಾಗಿರುವ ಕುಟುಂಬವೆಂದು ವರ್ಣಿಸುತ್ತ ಬಂದಿವೆ. ಆದರೆ ಅನ್ನ ಬೇರೆಯಾದ ಮಾತ್ರಕ್ಕೆ ಪಾಲಾಯಿತೆಂದು ಅವು ಒಪ್ಪುವುದಿಲ್ಲ. ಅನುಕೂಲಕ್ಕಾಗಿ ಬೇರೆ ಅಡುಗೆ, ಬೇರೆ ವಾಸ ಮಾಡಿಕೊಂಡವರೂ ಅವಿಭಕ್ತರಾಗಿಯೇ ಇರಬಹುದು. ಬೇರೆಯಾಗುವ ಸ್ಪಷ್ಟವಾದ ಸಂಕಲ್ಪವನ್ನು ಉಳಿದವರಿಗೆ ತಿಳಿಸಿದಾಗಲೇ ಬೇರೆಯಾಗುವುದು. ಊರ ಕಟ್ಟೆಯ ತೀರ್ಪಿಗಿಂತ ನ್ಯಾಯಾಲಯದ ತೀರ್ಪು ಇಲ್ಲಿ ಹೆಚ್ಚು ಉದಾರವಾದುದು!

ಸಮಾಜವಿಜ್ಞಾನಿಗಳ ಅನುಭವವೂ ಇದನ್ನೇ ಹೇಳುತ್ತದೆ. ಇರಾವತಿ ಕರ್ವೆ ಅವರು 1953ರಲ್ಲಿ ಬಂಧುತ್ವವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಒಂದೇ ಸೂರು, ಒಂದೇ ಒಲೆಗಳನ್ನು ಅವಿಭಕ್ತ ಕುಟುಂಬದ ಲಕ್ಷಣಗಳಲ್ಲಿ ಸೇರಿಸಿದರು. ಮುಂದೆ ಐ. ಪಿ. ದೇಸಾಯಿ ಅವರು ಗುಜರಾತಿನ ಮಹುವಾ ಪಟ್ಟಣವನ್ನು ಅಭ್ಯಾಸ ಮಾಡಿ, 1964ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಬೇರೆ ಬೇರೆ ಮನೆಗಳಲ್ಲಿ ಉಣ್ಣುವವರೂ ಪರಸ್ಪರ ಹೊಣೆಗಾರಿಕೆಯಲ್ಲಿ ಒಂದೇ ಕುಟುಂಬವಾಗಿ ನಡೆದುಕೊಳ್ಳಬಲ್ಲರೆಂದು ತೋರಿಸಿದರು. ಮನೆ ಒಡೆದಿದೆಯೇ ಇಲ್ಲವೇ ಎಂಬುದನ್ನು ಹೊಗೆ ಎಷ್ಟು ಕಡೆ ಏಳುತ್ತದೆ ಎಂಬುದರಿಂದಲ್ಲ, ಜ್ವರ ಬಂದಾಗ ಯಾರು ಯಾರ ಬಾಗಿಲಿಗೆ ಹೋಗುತ್ತಾರೆ ಎಂಬುದರಿಂದ ಅಳೆಯಬೇಕು.

ಹೊರನಾಡುಗಳ ಹಿರಿಯರು

ಇದು ನಮಗೊಬ್ಬರಿಗೇ ಬಂದ ಸಮಸ್ಯೆಯೂ ಅಲ್ಲ. ಜಪಾನಿನ ಹಳ್ಳಿಗಳಲ್ಲಿ 'ಇಂಕ್ಯೊ' ಎಂಬ ಪದ್ಧತಿಯಿತ್ತು. ಯಜಮಾನಿಕೆಯನ್ನು ಮಗನಿಗೆ ಒಪ್ಪಿಸಿದ ಹಿರಿಯರು ಅದೇ ಆವರಣದಲ್ಲಿದ್ದ ಚಿಕ್ಕ ಮನೆಗೆ ತಾವಾಗಿ ಹೋಗಿ ನೆಲೆಸುತ್ತಿದ್ದರು. ಜರ್ಮನ್ ಭಾಷೆಯ ರೈತರಲ್ಲಿ ಇಂಥದೇ ಏರ್ಪಾಡಿಗೆ 'ಆಲ್ಟೆನ್‌ಟೈಲ್', ಎಂದರೆ ಮುಪ್ಪಿನ ಪಾಲು, ಎಂದು ಹೆಸರು. ಹೊಲಮನೆಯನ್ನು ಮಗನಿಗೆ ಬರೆದುಕೊಡುವಾಗಲೇ ತಂದೆತಾಯಿಗಳು ತಮಗೆ ಯಾವ ಕೋಣೆ, ಎಷ್ಟು ಧಾನ್ಯ, ಎಷ್ಟು ಹಾಲು, ಎಷ್ಟು ಕಟ್ಟಿಗೆ ಸಲ್ಲಬೇಕೆಂದು ಪತ್ರದಲ್ಲಿ ನಮೂದಿಸುತ್ತಿದ್ದರು. ಕೇಳುವಾಗ ಇದು ನಮಗೆ ಕಠಿನವೆನಿಸುತ್ತದೆ. ಹೆತ್ತ ಮಗನೊಡನೆ ಹಾಲಿಗೆ ಕರಾರೇ? ಆದರೆ ಬಾಯಿಬಿಟ್ಟು ಕೇಳಲಾರದೆ ಒಂದು ಲೋಟ ಚಹಕ್ಕಾಗಿ ಸೊಸೆಯ ಮುಖ ನೋಡುತ್ತ ಕೂಡುವ ನಮ್ಮ ಮುದುಕರ ಸ್ಥಿತಿ ಅದಕ್ಕಿಂತ ಮೃದುವೇ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ಮನೆಗಳ ಅಭಾವ ತೀವ್ರವಾಗಿ, 2016ರಲ್ಲಿ ಅಂಗೀಕರಿಸಿ 2017ರಿಂದ ಜಾರಿಗೆ ತಂದ ಕಾನೂನುಗಳಿಂದ ಹಿತ್ತಲ ಮನೆಗಳನ್ನು ಕಟ್ಟುವ ಹಾದಿಯನ್ನು ಸುಗಮಗೊಳಿಸಿದರು. ಅಲ್ಲಿ ಅಂಥ ಮನೆಗೆ ಆಡುಮಾತಿನ ಹೆಸರು 'ಅಜ್ಜಿಯ ಮನೆ'. ನಾವು ಒಡಕೆಂದು ಅಂಜುವುದನ್ನು ಅವರು ಅಜ್ಜಿಯ ಹೆಸರಿನಿಂದ ಕರೆಯುತ್ತಾರೆ.

ಯಾರಿಗಾಗಿ ಕಟ್ಟುವುದು?

ಹಿತ್ತಲ ಮನೆಗೆ ಕೈಹಾಕುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಅದರಲ್ಲಿ ಇರುವವರು ಯಾರು ಎಂಬುದು. ಹೊಸದಾಗಿ ಮದುವೆಯಾದವರಿಗೆ ಕೊಟ್ಟರೆ ಹಿರಿಯರು ತಮ್ಮ ಹಳೆಯ ನೆಲೆಯಲ್ಲಿ ನಿರಾಳವಾಗಿರುತ್ತಾರೆ. ಹುಟ್ಟಿದಾಗಿನಿಂದ ಕಂಡ ಕಂಬಗಳ ನಡುವೆ ಮುಪ್ಪಿನವರು ಕತ್ತಲಲ್ಲಿಯೂ ಎಡವದೆ ನಡೆಯುವರು. ಹಿರಿಯರನ್ನೇ ಹಿತ್ತಲಿಗೆ ಕಳಿಸುವುದಾದರೆ, ಅದು ಅವರು ತಾವಾಗಿ ಬಯಸಿದ್ದೇ ಆಗಿರಬೇಕು. ಅವರ ಮಾತು ಕೇಳದೆ ಮಂಚ ಸಾಗಿಸಿದರೆ, ಕಟ್ಟಿದ್ದು ಮನೆಯಾಗದು, ಮರ್ಯಾದೆಯ ಗಡೀಪಾರಾದೀತು.

ಮಗಳ ವಿಷಯವನ್ನು ನಾವು ಬಹುಕಾಲ ಕೊನೆಯಲ್ಲಿಟ್ಟೆವು. ಆದ್ದರಿಂದಲೇ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 23ನೆಯ ಕಲಮಿನಂತೆ, ಕುಟುಂಬದವರು ವಾಸವಾಗಿರುವ ಮನೆಯಲ್ಲಿ ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣು ವಾರಸುದಾರಳು ಪಾಲು ಕೇಳುವಂತಿರಲಿಲ್ಲ. ಮದುವೆಯಾಗದ, ಗಂಡ ಬಿಟ್ಟ ಅಥವಾ ಗಂಡನಿಂದ ಬೇರೆಯಾದ, ವಿಧವೆಯಾದ ಮಗಳಿಗೆ ಮಾತ್ರ ಅಲ್ಲಿ ವಾಸದ ಹಕ್ಕಿತ್ತು. ಕರ್ನಾಟಕ ರಾಜ್ಯವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತಾದರೂ, ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಆ ಬೇಲಿ ಬಿದ್ದಿತು. 23ನೆಯ ಕಲಮನ್ನೂ ತೆಗೆದುಹಾಕಿದರು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು, 2005ರಲ್ಲಿ ತಂದೆ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ತೀರ್ಪಿತ್ತಿತು. ವಿಜ್ಞಾನೇಶ್ವರನು ಮಗನಿಗೆ ಕೊಟ್ಟದ್ದನ್ನು ಮಗಳಿಗೆ ತಲುಪಿಸಲು ನಮಗೆ ಸುಮಾರು ಒಂಬೈನೂರು ವರ್ಷ ಬೇಕಾಯಿತು.

ಹಿತ್ತಲ ಮನೆಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ತವರಿಗೆ ಮರಳಿದ ಮಗಳು ಅಣ್ಣನ ಅಡುಗೆಮನೆಯ ಮೂಲೆಯಲ್ಲಿ ಬದುಕುವುದು ಬೇರೆ, ತನ್ನದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದುಕೊಂಡು ಮಕ್ಕಳಿಗೆ ಉಣಿಸುವುದು ಬೇರೆ. ಮೊದಲನೆಯದರಲ್ಲಿ ಅವಳು ಋಣದಲ್ಲಿರುತ್ತಾಳೆ, ಎರಡನೆಯದರಲ್ಲಿ ಹಕ್ಕಿನಲ್ಲಿ. ಅಣ್ಣನ ಹೆಂಡತಿಗೂ ಇದು ನೆಮ್ಮದಿ. ದಿನವೂ ಒಂದೇ ಒಲೆಯ ಮುಂದೆ ಹತ್ತುವ ಕಿಡಿಗಳು ಅರ್ಧದಷ್ಟಾದರೂ ಆರುತ್ತವೆ. ಒಂದು ಖೋಲಿ, ಒಂದು ಒಲೆ, ಒಂದು ಬಚ್ಚಲು: ಒಬ್ಬ ಹೆಣ್ಣುಮಗಳ ಬಾಳಿನಲ್ಲಿ ಇಷ್ಟರಿಂದಲೇ ಬೇರೊಂದು ಅಧ್ಯಾಯ ತೆರೆಯಬಲ್ಲುದು.

ನೆಲ ಎಲ್ಲರದು, ಗೋಡೆ ಒಬ್ಬನದು

ಎರಡನೆಯ ಪ್ರಶ್ನೆ ಕಾಗದದ್ದು. ಪಿತ್ರಾರ್ಜಿತ ಜಾಗದಲ್ಲಿ ಒಬ್ಬ ತಮ್ಮ ತನ್ನ ನೌಕರಿಯ ಹಣದಿಂದ ಹಿತ್ತಲ ಮನೆ ಕಟ್ಟಿಸಿದನೆನ್ನಿ. ನೆಲ ಎಲ್ಲರದು, ಗೋಡೆ ಅವನೊಬ್ಬನದು. ಇಪ್ಪತ್ತು ವರ್ಷಗಳ ಬಳಿಕ ವಾಟ್ನಿಯ ದಿನ, "ನಾ ಕಟ್ಟಿಸಿದ್ದು ನಂದು" ಎಂದು ಅವನೂ, "ಜಾಗ ಅಪ್ಪಂದು, ಅದರ ಮ್ಯಾಲಿಂದೂ ಅಪ್ಪಂದ" ಎಂದು ಉಳಿದವರೂ ಹಟ ಹಿಡಿಯುವರು. ಇಬ್ಬರ ಮಾತಿನಲ್ಲಿಯೂ ಸತ್ಯವಿರುವುದೇ ಇಂಥ ವ್ಯಾಜ್ಯದ ದುರಂತ.

ಪರಿಹಾರ ಸರಳ. ಬುನಾದಿ ತೋಡುವ ಮೊದಲೇ ಕರಾರು ಪತ್ರ ಬರೆಯಿಸಬೇಕು. ಹಣ ಹಾಕಿದವರು ಯಾರು, ವಾಸಿಸುವವರು ಯಾರು, ಮುಂದೆ ಪಾಲಾದರೆ ಕಟ್ಟಡದ ಬೆಲೆಯನ್ನು ಹೇಗೆ ಹಿಡಿಯಬೇಕು, ಈ ಮೂರು ಅಂಶಗಳು ಅದರಲ್ಲಿರಲಿ. ತಂದೆತಾಯಿ, ಅಣ್ಣತಮ್ಮಂದಿರು ಮಾತ್ರವಲ್ಲ, ಮದುವೆಯಾಗಿ ಹೋದ ಅಕ್ಕತಂಗಿಯರೂ ಸಹಿ ಹಾಕಲಿ. ಅವರನ್ನು ಬಿಟ್ಟು ಬರೆದ ಪತ್ರ ಇಂದು ಅರ್ಧ ಪತ್ರ. ಬಾಯಿಮಾತಿನಲ್ಲಿ ಪಾಲಾಗಿತ್ತೆಂಬ ವಾದವನ್ನು ಸುಲಭವಾಗಿ ಒಪ್ಪಲಾಗದೆಂದು 2020ರ ಅದೇ ತೀರ್ಪು ಎಚ್ಚರಿಸಿದೆ. ಜಾಗವನ್ನೇ ಹಂಚುವುದಾದರೆ ಉಪನೋಂದಣಿ ಕಚೇರಿಯ ಹಾದಿ ತಪ್ಪದು. ಗ್ರಾಮ ಪಂಚಾಯಿತಿಯ ಊರುಗಳಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ರಲ್ಲಿ ಅಳತೆ, ಹೆಸರುಗಳು ಸರಿಯಾಗಿವೆಯೇ ಎಂದು ಮೊದಲು ನೋಡಿ, ಸ್ಥಳೀಯ ಸಂಸ್ಥೆಯ ಅನುಮತಿ ಪಡೆದೇ ಕಟ್ಟಡಕ್ಕೆ ಕೈಹಚ್ಚಬೇಕು. ಬ್ಯಾಂಕಿನ ಸಾಲಕ್ಕೂ ಇವೇ ಕಾಗದಗಳು ಬೇಕು.

ಹಿರಿಯರಿಗೆ ಒಂದು ಮಾತು. ಮಗನು ಹೊಸ ಮನೆ ಕಟ್ಟಿಸಲಿ ಎಂಬ ಪ್ರೀತಿಯಿಂದ ಇಡೀ ಆಸ್ತಿಯನ್ನು ಅವನ ಹೆಸರಿಗೆ ದಾನಪತ್ರ ಮಾಡಿ ಕೈಬರಿದು ಮಾಡಿಕೊಳ್ಳಬೇಡಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮದ 23ನೆಯ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವನು ಷರತ್ತು ಮುರಿದರೆ ರದ್ದುಗೊಳಿಸಲು ಅವಕಾಶ ಕೊಡುತ್ತದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಆದರೆ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಮನಸ್ಸಿನಲ್ಲಿ ಇಟ್ಟುಕೊಂಡ ಷರತ್ತಿಗೆ ಮೊಹರು ಬೀಳದು.

ಎರೆಮಣ್ಣಿನ ಮೇಲೆ

ಇನ್ನು ಕಟ್ಟಡದ ಮಾತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು. ಹಳೆಯ ಮನೆಗೆ ಹೊಸದನ್ನು ಕೂಡಿಸುವುದು ಎರಡನ್ನೂ ಒಟ್ಟಿಗೆ ಮಾಡಿದಂತೆ. ಏಕೆಂದರೆ ಅದು ಹಳೆಯ ಗೋಡೆಗೂ ಹೊಸ ಗೋಡೆಗೂ ಮಾಡುವ ಮದುವೆ.

ಮೊದಲನೆಯದಾಗಿ, ಹಣ ಉಳಿಯುವುದೆಂದು ಮಣ್ಣಿನ ಮಾಳಿಗೆಯ ಮೇಲೆ ಅಂತಸ್ತು ಏರಿಸುವ ಯೋಚನೆ ಬೇಡ. ಒಂದಡಿ ದಪ್ಪದ ಒದ್ದೆ ಮಣ್ಣಿನ ಮೇಲ್ಮುದ್ದೆ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ತೂಗುತ್ತದೆ. ಆ ತೊಲೆಗಳು ಹೊರುತ್ತಿರುವ ಭಾರವೇ ಸಾಕಷ್ಟಿದೆ.

ಎರಡನೆಯದಾಗಿ, ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಬಾಯಿಬಿಡುವ ಮಣ್ಣು. ಹಳೆಯ ಗೋಡೆ ನೂರು ವರ್ಷಗಳಲ್ಲಿ ಕೂಡುವಷ್ಟು ಕೂತು ಬಿಟ್ಟಿರುತ್ತದೆ. ಹೊಸದು ಇನ್ನು ಕೂಡಬೇಕಾದದ್ದು. ಎರಡನ್ನೂ ಕಲ್ಲಿನಿಂದ ಹೆಣೆದು ಬಿಗಿದರೆ ಹೊಸದು ಕೂಡುವಾಗ ಹಳೆಯದನ್ನು ಸೀಳುತ್ತದೆ. ಆದ್ದರಿಂದ ಹೊಸ ಬುನಾದಿ ಎರೆಯನ್ನು ದಾಟಿ ಗರಸು ಅಥವಾ ಕಲ್ಲನ್ನು ಮುಟ್ಟಬೇಕು. ಎರಡು ಗೋಡೆಗಳ ನಡುವೆ ಒಂದಂಗುಲದ ಸಂದು ಬಿಟ್ಟು ಮೇಲೆ ಮಾತ್ರ ಮುಚ್ಚಬೇಕು. ಮನುಷ್ಯರಂತೆ ಗೋಡೆಗಳಿಗೂ ತುಸು ಅಂತರವಿದ್ದರೆ ಮಾತ್ರ ಮಗ್ಗುಲಲ್ಲಿ ಬಾಳಲು ಸಾಧ್ಯ.

ಮೂರನೆಯದು ನೀರು. ಹೊಸ ಸಿಮೆಂಟು ಮಾಳಿಗೆಯ ನೀರು ಹಳೆಯ ಮಣ್ಣಿನ ಗೋಡೆಯ ಬುಡಕ್ಕೆ ಬೀಳದಂತೆ ದೋಣಿಯನ್ನು ತಿರುಗಿಸಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭಾ ಮಲಪ್ರಭಾ ತೀರಗಳಲ್ಲಿ ನೆರೆ ಬಂದಾಗ ನೆನೆದ ಮಣ್ಣಿನ ಗೋಡೆಗಳು ಹೇಗೆ ಕುಸಿದವೆಂಬುದನ್ನು ಈ ಭಾಗದವರಿಗೆ ನೆನಪಿಸಬೇಕಾಗಿಲ್ಲ. ಶೌಚಗುಂಡಿಯನ್ನು ಬಾವಿ, ಕೊಳವೆಬಾವಿಗಳಿಂದ ಕನಿಷ್ಠ 15 ಮೀಟರ್ ದೂರವಿಡಿ. ಸುಣ್ಣಗಲ್ಲಿನ ಬಿರುಕುಗಳಲ್ಲಿ ಕೊಳೆನೀರು ಸೋಸದೆಯೇ ಹರಿದುಹೋಗುತ್ತದೆ. ಆದ್ದರಿಂದ ಇಲ್ಲಿ ಆ ದೂರವನ್ನು ಇನ್ನಷ್ಟು ಹೆಚ್ಚಿಸುವುದೇ ಕ್ಷೇಮ.

ದನದ ಅಂಕಣವನ್ನು ಖೋಲಿಯಾಗಿಸುವವರು ನೆಲಕ್ಕೆ ಹಾಸುಗಲ್ಲು ಹಾಕಿ ಕೆಲಸ ಮುಗಿಯಿತೆನ್ನಬಾರದು. ತಲೆಮಾರುಗಳ ಗಂಜಲ ಕುಡಿದ ಆ ಮಣ್ಣಿನಲ್ಲಿ ಉಪ್ಪು ತುಂಬಿರುತ್ತದೆ. ಅದು ಪಸೆ ಎಳೆದು ಗೋಡೆಯ ಬುಡದಲ್ಲಿ ಹೂ ಬಿಟ್ಟಂತೆ ಅರಳಿ ಗಿಲಾವನ್ನು ಉದುರಿಸುತ್ತದೆ. ಹಳೆಯ ಮಣ್ಣನ್ನು ಆಳವಾಗಿ ತೆಗೆದು ಹೊಸ ಗರಸು ತುಂಬಬೇಕು.

ಮುಪ್ಪಿನವರಿಗಾಗಿ ಕಟ್ಟುವುದಾದರೆ ಹೊಸ್ತಿಲು ಎಡವುವಂತಿರಬಾರದು. ಬಾಗಿಲು ಗಾಲಿಕುರ್ಚಿ ಹೊಗುವಷ್ಟು, ಮೂರಡಿ ಅಗಲವಿರಲಿ. ಬಚ್ಚಲ ನೆಲ ನುಣುಪಾಗಿರದೆ ಒರಟಾಗಿರಲಿ, ಗೋಡೆಗೊಂದು ಹಿಡಿಕೆಯಿರಲಿ. ರಾತ್ರಿ ಅಂಗಳ ದಾಟದೆ ಶೌಚಕ್ಕೆ ಹೋಗುವಂತಿರಬೇಕು. ಇವಕ್ಕೆ ತಗಲುವ ಹಣ ಅಲ್ಪ. ತೊಡೆಯ ಎಲುಬು ಮುರಿದ ಮೇಲೆ ತಗಲುವ ಹಣ, ಅದರ ನೋವು ಅಲ್ಪವಲ್ಲ.

ಎರಡೂ ಕಡೆಯ ಚಿಲಕ

ಕಡೆಯದಾಗಿ ಒಂದು ಬಾಗಿಲಿನ ವಿಷಯ. ಹಿತ್ತಲ ಮನೆಗೆ ಓಣಿಯ ಕಡೆಗೊಂದು ಸ್ವಂತ ಬಾಗಿಲಿರಲಿ. ಬಂದ ಬೀಗರು, ಗೆಳೆಯರು ದೊಡ್ಡ ಮನೆಯ ಪಡಸಾಲೆಯನ್ನು ದಾಟಿ ಲೆಕ್ಕ ಒಪ್ಪಿಸಿ ಹೋಗುವಂತಾಗಬಾರದು. ಆದರೆ ಎರಡು ಮನೆಗಳ ನಡುವೆಯೂ ಒಂದು ಬಾಗಿಲನ್ನು ಬಿಡಿ, ಅದಕ್ಕೆ ಎರಡೂ ಕಡೆ ಚಿಲಕ ಹಾಕಿಸಿ. ಒಂದೇ ಕಡೆ ಚಿಲಕವಿದ್ದರೆ ಚಿಲಕದ ಕಡೆಯವರು ಒಡೆಯರು, ಇನ್ನೊಂದು ಕಡೆಯವರು ಆಶ್ರಿತರು. ಎರಡೂ ಕಡೆ ಇದ್ದರೆ ಬಾಗಿಲು ತೆರೆಯುವುದು ಇಬ್ಬರೂ ಬಯಸಿದಾಗ. ಅಂಥ ಬಾಗಿಲು ಹಗಲೆಲ್ಲ ತೆರೆದೇ ಇರುವ ಸಂಭವ ಹೆಚ್ಚು.

ನಿತ್ಯದ ವ್ಯವಹಾರವನ್ನೂ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ವಿದ್ಯುತ್ತಿಗೆ ಬೇರೆ ಮೀಟರು ಹಾಕಿಸಿದರೆ ತಿಂಗಳಿಗೊಂದು ಜಗಳ ಉಳಿಯುತ್ತದೆ. ನಳದ ನೀರು ಬರುವ ಹೊತ್ತಿನಲ್ಲಿ ಯಾರು ಮೊದಲು ತುಂಬಿಕೊಳ್ಳಬೇಕು, ಹಿತ್ತಲ ನುಗ್ಗೆ ಕರಿಬೇವು ಯಾರವು, ಅಂಗಳ ಗುಡಿಸುವವರು ಯಾರು ಎಂಬ ಮಾತುಗಳು ಸಣ್ಣವೆಂದು ತೋರುತ್ತವೆ. ಆದರೆ ನೆಗೆಣ್ಣಿಯರು ಮಾತು ಬಿಡುವುದು ಹತ್ತೆಕರೆ ಹೊಲಕ್ಕಾಗಿಯಲ್ಲ, ಹತ್ತು ಕೊಡ ನೀರಿಗಾಗಿ.

ಅನ್ನ, ಆರಾಧನೆ, ಆಸ್ತಿ ಎಂಬ ಮೂರರಲ್ಲಿ ದಿನದ ಅನ್ನ ಬೇರೆಯಾಗಲಿ, ಚಿಂತೆಯಿಲ್ಲ. ಆಸ್ತಿಯ ಲೆಕ್ಕ ಕಾಗದದಲ್ಲಿ ಸ್ವಚ್ಛವಾಗಿರಲಿ. ಉಳಿದದ್ದನ್ನು ಬಿಡದೆ ಹಿಡಿದುಕೊಂಡರೆ ಸಾಕು: ಯುಗಾದಿಯ ಬೇವುಬೆಲ್ಲ ದೊಡ್ಡ ಮನೆಯ ದೇವರ ಮುಂದೆಯೇ ಆಗಲಿ, ಎಳ್ಳಮಾಸೆಯ ಚರಗದ ಬುತ್ತಿಯನ್ನು ಎರಡು ಒಲೆಗಳ ಹೆಂಗಸರೂ ಕೂಡಿಯೇ ಕಟ್ಟಲಿ. ಮೊಮ್ಮಕ್ಕಳು ಯಾವ ಮನೆಯಲ್ಲಿ ಪಲ್ಯ ರುಚಿಯಾಗಿದೆಯೋ ಆ ಮನೆಯಲ್ಲಿ ಉಣ್ಣಲಿ. ಅವರನ್ನು ತಡೆಯುವ ಕಾನೂನನ್ನು ವಿಜ್ಞಾನೇಶ್ವರನೂ ಬರೆದಿಲ್ಲ.